ಮೂವತ್ತೆರಡು ರೊಟ್ಟಿಯ ಹೊತ್ತು

ನಮ್ಮ ಮನೆಯ ಅಡುಗೆಕೋಣೆಯ ಒಂದು ಗೋಡೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಈ ವಾಕ್ಯ ಬರೆದು ಎರಡು ದಿನವಾಯಿತು, ಮುಂದೆ ಹೋಗಲು ಆಗಿಲ್ಲ. 'ಯಾವಾಗಲೂ' ಎಂಬುದು ನಿಜವಲ್ಲ. ಸೋಮವಾರ ಅಪ್ಪ ಗೋಡೆಯ ಆಚೆಗಿನ ರಬ್ಬರು ಬೇಯಿಸುವ ಪ್ರೆಸ್ಸಿಗೆ ಬಿಡುವು ಕೊಡುತ್ತಿದ್ದ. ಹಾಗಾದರೆ ಮಂಗಳವಾರ ಬೆಳಿಗ್ಗೆ ಆ ಗೋಡೆ ಉಳಿದ ಮೂರು ಗೋಡೆಗಳಷ್ಟೇ ತಣ್ಣಗಿರಬೇಕು. ಇಟ್ಟಿಗೆ ಗೋಡೆ ಅಷ್ಟು ಹೊತ್ತು ಕಾವು ಹಿಡಿದಿಟ್ಟುಕೊಳ್ಳುವುದಿಲ್ಲ. ಇದನ್ನೇ ಮೂವತ್ತು ವರ್ಷ ತರಗತಿಯಲ್ಲಿ ಪಾಠ ಮಾಡಿದವನು ನಾನು. ಆದರೆ ನನ್ನ ಬೆನ್ನನ್ನು ಕೇಳಿದರೆ ಅದಕ್ಕೆ ತಣ್ಣನೆಯ ಮಂಗಳವಾರ ಒಂದೂ ನೆನಪಿಲ್ಲ. ಶಾಲೆಗೆ ಹೋಗುವ ಮುಂಚೆ ಆ ಗೋಡೆಗೆ ಬೆನ್ನು ಕೊಟ್ಟು ಕೂತು ರೊಟ್ಟಿ ತಿನ್ನುತ್ತಿದ್ದ ನೆನಪಿನಲ್ಲಿ ಪ್ರತಿದಿನವೂ ಕಾವಿದೆ. ಮುಂದೆ ಬರುವುದನ್ನೆಲ್ಲ ಓದುವವರು ಇದೇ ಅನುಮಾನದಿಂದ ಓದಬೇಕು. ನಾನಂತೂ ಹಾಗೆಯೇ ಬರೆಯುತ್ತಿದ್ದೇನೆ.

ಬರೆಯಲು ಕುಳಿತದ್ದು ಗೋಡೆಯ ಸಲುವಾಗಿ ಅಲ್ಲ. ನನ್ನ ಅಕ್ಕ ನೀಲಾ ಆ ಗೋಡೆಯ ಆಚೆ ಎರಡು ವರ್ಷ ಪ್ರೆಸ್ ನಡೆಸಿದಳು. ಒಂದು ಮಧ್ಯಾಹ್ನ ಅಪ್ಪ ಅವಳನ್ನು ಅಲ್ಲಿಂದ ಹೊರಗೆ ಕಳಿಸಿದ. ಅವಳ ಜಾಗಕ್ಕೆ ನಾನು ಹೋದೆ. ಅಲ್ಲಿ ಹಿಡಿದ ಹುಚ್ಚಿನಿಂದಲೇ ಧಾರವಾಡಕ್ಕೆ ಓದಲು ಹೋದೆ, ರಬ್ಬರು ಪ್ಲಾಸ್ಟಿಕ್ಕುಗಳ ಮೇಷ್ಟ್ರಾದೆ, ನಿವೃತ್ತನೂ ಆದೆ. ಅವಳು ಹೊರಬಿದ್ದದ್ದು ನನ್ನಿಂದ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ, ಯಾರಿಗೂ ಹೇಳಿರಲಿಲ್ಲ. ಅದು ನಿಜವೋ ಅಲ್ಲವೋ ತಿಳಿಯಬೇಕಿತ್ತು. ಅದನ್ನು ತಿಳಿಯಲು ಹೋದ ಕತೆ ಈ ಬರವಣಿಗೆ.

ಮನೆ ಗೋಕುಲ ರಸ್ತೆಯಲ್ಲಿತ್ತು. ಮುಂದೆ ತಗಡಿನ ಶೆಡ್ಡು, ಹಿಂದೆ ಮನೆ, ನಡುವೆ ಆ ಗೋಡೆ. ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ಈಚೆಗೆ ಅವ್ವನ ಒಲೆ, ಆಚೆಗೆ ಅಪ್ಪನ ಪ್ರೆಸ್ಸು. ಪ್ರೆಸ್ಸು ಎಂದರೆ ಕರೆಂಟಿನಿಂದ ಕಾಯುವ ಎರಡು ದಪ್ಪ ಉಕ್ಕಿನ ಹಲಗೆ, ಅವುಗಳನ್ನು ಒಂದರ ಮೇಲೊಂದು ಒತ್ತುವ ಕೈಪಂಪು. ಹಸಿ ರಬ್ಬರು ಕಪ್ಪು ಕಣಕದ ಹಾಗೆ ಬರುತ್ತಿತ್ತು. ಅದನ್ನು ಕತ್ತರಿಸಿ ತೂಗಿ, ಡೈ ಎಂದು ಕರೆಯುವ ಕಬ್ಬಿಣದ ಅಚ್ಚಿನಲ್ಲಿಟ್ಟು, ಹಲಗೆಗಳ ನಡುವೆ ಒತ್ತಿ ಹಿಡಿದರೆ, ಹೊತ್ತು ತುಂಬಿದ ಮೇಲೆ ಅದು ಕಣಕವಾಗಿ ಉಳಿಯುತ್ತಿರಲಿಲ್ಲ. ಪಂಪ್‌ಸೆಟ್ಟಿನ ವಾಷರೋ ಬುಷ್ಷೋ ಆಗಿ ಹೊರಬರುತ್ತಿತ್ತು. ಅದರಲ್ಲಿ ಬೆರೆಸಿರುವ ಗಂಧಕ ಕಾವು ತಾಕಿದರೆ ರಬ್ಬರನ್ನು ಕಟ್ಟಿಹಾಕುತ್ತದೆ. ಆಮೇಲೆ ಅದನ್ನು ಎಷ್ಟು ಕಾಸಿದರೂ ಹಿಂದಿನ ಮೆತ್ತಗಿನ ರೂಪ ಬರುವುದಿಲ್ಲ. ಆ ಗಂಧಕದ ವಾಸನೆ ನಮ್ಮ ಹಾಸಿಗೆ, ಅರಿವೆ, ಪುಸ್ತಕ, ಮಜ್ಜಿಗೆ ಎಲ್ಲದರಲ್ಲೂ ಇತ್ತು. ಅವ್ವನ ತಂಗಿ, ಧಾರವಾಡದ ಚಿಗವ್ವ, ಬಂದರೆ ಮೂಗಿಗೆ ಸೆರಗು ಹಿಡಿದೇ ಒಳಗೆ ಬರುತ್ತಿದ್ದಳು.

"ಅಕ್ಕಾ, ನಿಮ್ಮ ಮನ್ಯಾಗ ಉಪ್ಪಿಟ್ಟ ತಿಂದ್ರ ಟೈರ್ ತಿಂದಂಗ ಆಗತೈತಿ ನೋಡು."

"ತಿನ್ನು ತಿನ್ನು. ಹೊಟ್ಯಾಗ ಪಂಚರ್ ಆಗೂದಿಲ್ಲ," ಎನ್ನುತ್ತಿದ್ದಳು ಅವ್ವ.

ಶೆಡ್ಡಿನಲ್ಲಿ ಗಡಿಯಾರ ಬಾಳಿಕೆ ಬರುತ್ತಿರಲಿಲ್ಲ. ರಬ್ಬರಿನ ಕಪ್ಪು ಪುಡಿ ಒಳಗೆ ಹೊಕ್ಕು ಎರಡೇ ತಿಂಗಳಿಗೆ ಮುಳ್ಳು ನಿಲ್ಲುತ್ತಿದ್ದವು. ಹಾಗಾಗಿ ಬೆಳಗಿನ ಹೊತ್ತು ಅಪ್ಪ ಕಾಲವನ್ನು ಅವ್ವನ ರೊಟ್ಟಿಯಲ್ಲಿ ಅಳೆಯುತ್ತಿದ್ದ. ಅವ್ವನ ಕೈ ಅಷ್ಟು ಸಮನಾಗಿತ್ತು. ಒಂದು ರೊಟ್ಟಿ ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಇನ್ನೊಂದನ್ನು ಬಡಿಯಲು ಶುರುಮಾಡುವ ತನಕ ಇಷ್ಟೇ ಹೊತ್ತು ಎಂದರೆ ಇಷ್ಟೇ. ಅರ್ಧ ಇಂಚಿನ ವಾಷರಿಗೆ ಎಂಟು ರೊಟ್ಟಿ. ಎಂಟನೆಯದು ಬುಟ್ಟಿಗೆ ಬಿದ್ದ ಕೂಡಲೇ ಅವ್ವ ಕಿಟಕಿಯಿಂದ ಕೂಗುತ್ತಿದ್ದಳು, ಅಪ್ಪ ಪಂಪು ಇಳಿಸುತ್ತಿದ್ದ. ಒಣಗಿಸಿಡುವ ಕಟಕ ರೊಟ್ಟಿ ಮಾಡುವ ದಿನ ಅವ್ವ ಬುಟ್ಟಿಗಟ್ಟಲೆ ಬಡಿಯುತ್ತಿದ್ದಳು, ಅಂದು ಪ್ರೆಸ್ಸಿಗೂ ಹಬ್ಬ. ಒಲೆ ಆರಿದ ಮೇಲೆ ಅಡುಗೆಮನೆಯ ಗೂಡಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟಿದ್ದ ಅಲಾರಂ ಗಡಿಯಾರ ಕೆಲಸಕ್ಕೆ ಬರುತ್ತಿತ್ತು. ಆದರೆ ಮಾತಿನಲ್ಲಿ ಅಳತೆ ರೊಟ್ಟಿಯದೇ. ತೊಂದರೆ ಬರುತ್ತಿದ್ದದ್ದು ಅವರಿಬ್ಬರ ಜಗಳದ ದಿನ. ಸಿಟ್ಟಿನಲ್ಲಿ ಅವ್ವನ ಕೈ ಬಿರುಸಾಗಿ ಎಂಟು ರೊಟ್ಟಿ ಆರರ ಹೊತ್ತಿನಲ್ಲಿ ಮುಗಿಯುತ್ತಿದ್ದವು.

"ಎಂಟ ಆತ್ರಿ!"

"ಇನ್ನೆರಡ ಬಡಿ. ಇವತ್ತ ಜರಾ ಲಗೂ ಬಡಿಯಾಕತ್ತೀ."

"ನಿಮ್ಮ ರಬ್ಬರಿಗೆ ಬಡೀಲೋ, ನಿಮ್ಮ ಹೊಟ್ಟಿಗೆ ಬಡೀಲೋ? ಮೊದ್ಲ ಅದನ್ನ ಹೇಳ್ರಿ."

ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿ ಹುಡುಗರನ್ನು ನಗಿಸಿದ್ದೇನೆ. ಹೇಳಿ ಹೇಳಿ ಅದಕ್ಕೆ ಹೊಳಪು ಬಂದುಬಿಟ್ಟಿದೆ, ಆದ್ದರಿಂದಲೇ ಅದರ ಮೇಲೆ ಅನುಮಾನ. ಈಚೆಗೆ ಅಕ್ಕನನ್ನು ಕೇಳಿದೆ. ರೊಟ್ಟಿಯ ಲೆಕ್ಕ ಖರೆ, ಆದರೆ ಜಗಳದ ದಿನ ಅವ್ವ ಕೂಗುತ್ತಲೇ ಇರಲಿಲ್ಲ, ಅಪ್ಪ ಕಿಟಕಿಯಲ್ಲಿ ಇಣುಕಿ ತಾನೇ ಎಣಿಸಿಕೊಳ್ಳುತ್ತಿದ್ದ, ಎಂದಳು. ಆ ಮಾತುಗಳನ್ನು ಹಾಗಾದರೆ ಯಾರು ಆಡಿದರು? ಬಹುಶಃ ನಾನೇ ಆಡಿಸಿದ್ದೇನೆ.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಸಾಲಿ ಮುಗಿಸಿ ಮನೆಯಲ್ಲಿದ್ದಳು. ಅಪ್ಪನಿಗೆ ಆಳು ಸಿಗದ ಒಂದು ವಾರ ಸಹಾಯಕ್ಕೆಂದು ಪಂಪು ಹೊಡೆಯಲು ನಿಂತವಳು ಅಲ್ಲಿಯೇ ಉಳಿದಳು. ಲಂಗದ ಮೇಲೆ ಅಪ್ಪನ ಹಳೇ ತುಂಬುತೋಳಿನ ಅಂಗಿ. ಮುಂಗೈಯಲ್ಲಿ ಸಣ್ಣ ಸಣ್ಣ ಸುಟ್ಟ ಕಲೆ. ಕಾದ ಹಲಗೆಯ ಹತ್ತಿರ ಗಾಜಿನ ಬಳೆ ಕಾಯುತ್ತಿದ್ದವು, ಆದ್ದರಿಂದ ಶೆಡ್ಡಿಗೆ ಹೋಗುವಾಗ ಅವನ್ನು ತೆಗೆದು ಬಾಗಿಲ ಮೊಳೆಗೆ ಸಿಗಿಸುತ್ತಿದ್ದಳು. ಯಾರಾದರೂ ಬಂದ ಸದ್ದಾದರೆ ಅವ್ವ ಕಿಟಕಿಗೆ ಬಂದು ಗದರುತ್ತಿದ್ದಳು.

"ಬರೇ ಕೈಲೆ ಅಡ್ಡಾಡಬ್ಯಾಡ ಅಂತ ಎಷ್ಟ ಸಲ ಹೇಳ್ಲಿ ನಿನಗ? ಮಂದಿ ಏನಂದಾರು?"

"ಮಂದೀನ ಕರದು ಪ್ರೆಸ್ಸಿನ ಮುಂದ ನಿಂದ್ರಸು. ಬಳಿ ಕಾದು ಕೈಗೆ ಹತ್ತಿದ್ರ ಅವರ ಹೇಳ್ತಾರ ಏನಂತ."

ಅವಳಿಗೆ ಆ ಕೆಲಸ ಇಷ್ಟವಿತ್ತು. ಇದನ್ನು ಮಾತ್ರ ನಾನು ಅನುಮಾನವಿಲ್ಲದೆ ಬರೆಯಬಲ್ಲೆ. ಅಚ್ಚಿನಿಂದ ತೆಗೆದ ವಾಷರಿನ ಮೇಲೆ ಹೆಬ್ಬೆರಳಿನ ಉಗುರು ಒತ್ತಿ, ಗುರುತು ತಾನಾಗಿ ಮಾಯವಾಗುವುದನ್ನು ನೋಡಿ ಅವಳು ತಲೆ ಆಡಿಸುತ್ತಿದ್ದ ರೀತಿ ನನ್ನ ಕಣ್ಣಿಗೆ ಕಟ್ಟಿದೆ. ಗುರುತು ಉಳಿದರೆ ಹಸಿ, ಹೋದರೆ ಬೆಂದಿದೆ. ಸಂಜೆ ನಾವೆಲ್ಲ ಪಡಸಾಲೆಯಲ್ಲಿ ಕೂತು ವಾಷರುಗಳ ಅಂಚಿಗೆ ಉಳಿದ ತೆಳ್ಳನೆಯ ಚೂರುಗಳನ್ನು ಕತ್ತರಿಯಿಂದ ತೆಗೆಯುತ್ತಿದ್ದೆವು. ಆಗ ಅವಳು ಒಂದೊಂದನ್ನೂ ಕೈಗೆ ತೆಗೆದುಕೊಂಡು ಇದು ಮೇಲಿನ ಹಲಗೆಯ ಕಡೆಯದು, ಇದು ಕೆಳಗಿನದು ಎಂದು ಹೇಳುತ್ತಿದ್ದಳು. ಮೇಲಿನ ಹಲಗೆ ಒಂದು ಮೂಲೆಯಲ್ಲಿ ಕಡಿಮೆ ಕಾಯುತ್ತದೆ ಎಂದು ಮೊದಲು ಕಂಡುಹಿಡಿದವಳು ಅವಳೇ. ಅಪ್ಪ ಒಪ್ಪಿಕೊಳ್ಳದೆ ವಾರ ತಳ್ಳಿ, ಆಮೇಲೆ ಸದ್ದಿಲ್ಲದೆ ಆ ಮೂಲೆಯ ಹೀಟರ್ ಬದಲಿಸಿದ. ಅಪ್ಪನ ದಾರಿ ಅದು. ತಿದ್ದಿಕೊಳ್ಳುತ್ತಿದ್ದ, ಹೇಳುತ್ತಿರಲಿಲ್ಲ.

ಆ ವರ್ಷ ಹತ್ತಿ ಗಿರಣಿಯ ಸಾವುಕಾರ್ರೊಬ್ಬರು ಹೊಸ ಯಂತ್ರದ ಕಾಲುಗಳ ಕೆಳಗೆ ಹಾಕಲು ಪ್ಯಾಡು ಬೇಕೆಂದು ಬಂದರು. ಇಪ್ಪತ್ನಾಲ್ಕು ಪ್ಯಾಡು, ಒಂದೊಂದೂ ಎರಡು ಇಂಚು ದಪ್ಪ. ಅಷ್ಟು ದಪ್ಪದ್ದನ್ನು ಅಪ್ಪ ಅದುವರೆಗೆ ಮಾಡಿರಲಿಲ್ಲ. ಎಷ್ಟು ಹೊತ್ತು ಇಡಬೇಕು? ಶೆಡ್ಡಿನ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ಲೆಕ್ಕ ಹಾಕಿದ.

"ಅರ್ಧ ಇಂಚಿಗೆ ಎಂಟು. ಒಂದಕ್ಕ ಹದಿನಾರು. ಎರಡಕ್ಕ ಮೂವತ್ತೆರಡು ರೊಟ್ಟಿ. ಮುಗೀತು."

ಅಕ್ಕ ಪಕ್ಕದಲ್ಲಿ ನಿಂತು ಏನೋ ಅಂದಳು. ಅಪ್ಪ ಕೈ ಬೀಸಿ ಹೊರಗೆ ಹೋದ. ಅವಳು ಏನಂದಳು ಎಂಬುದು ನನಗೆ ನೆನಪಿಲ್ಲ.

ಒಂದು ಸಲಕ್ಕೆ ನಾಲ್ಕು ಪ್ಯಾಡು, ಒಟ್ಟು ಆರು ಪಾಳಿ. ಅಪ್ಪ ಪೇಟೆಗೆ ಹೋಗಿದ್ದ ದಿನ, ಊಟದ ನಂತರದ ಹೊತ್ತು, ಪ್ರೆಸ್ಸಿನಲ್ಲಿ ಒಂದು ಪಾಳಿ ಇತ್ತು. ಯಾರೋ ಹೆಂಗಸರು ಬಂದರೆಂದು ಅವ್ವ ಅಕ್ಕನನ್ನು ಒಳಗೆ ಕರೆದಳು. ಅಕ್ಕ ಮೇಲೆ ತೊಟ್ಟ ಅಪ್ಪನ ಅಂಗಿ ಬಿಚ್ಚಿ, ಬಳೆ ಹಾಕಿಕೊಳ್ಳುತ್ತ ನನಗೆ ಹೇಳಿದಳು:

"ಬಸು, ಕಿಡಕಿಯಿಂದ ಗಡಿಯಾರ ನೋಡ್ಕೋತ ಕುಂದ್ರು. ಮುಟ್ಟಬ್ಯಾಡ. ಮುಳ್ಳ ಇಲ್ಲಿ ಬಂದ ಕೂಡ್ಲೆ ನನ್ನ ಕರಿ."

ನಾನು ಕರೆಯಲಿಲ್ಲ. ಮುಳ್ಳು ಅಲ್ಲಿಗೆ ಬರುವ ಮುಂಚೆಯೇ ಪಂಪಿನ ಬಿಗಿ ಸಡಿಲಿಸಿದೆ. ಯಾಕೆ? ನನಗೂ ಬರುತ್ತದೆ ಎಂದು ತೋರಿಸಬೇಕಿತ್ತು, ಅಷ್ಟೇ. ಅಚ್ಚು ತೆರೆದಾಗ ಪ್ಯಾಡುಗಳು ಕಪ್ಪಗೆ ಹೊಳೆಯುತ್ತಿದ್ದವು. ಉಗುರು ಒತ್ತಿದೆ. ಗುರುತು ಹೋಯಿತು. ಅಕ್ಕ ವಾಪಸು ಬಂದಾಗ ನಾಲ್ಕೂ ಕಟ್ಟೆಯ ಮೇಲಿದ್ದವು.

"ನೀನ ತಗದಿ? ಕರಿ ಅಂದಿದ್ನಿಲ್ಲ?"

"ಹೊತ್ತಾಗಿತ್ತು, ತಗದೆ."

"ಬರೋಬ್ಬರಿ ಹೊತ್ತಿಗೇನ?"

"ಹೂಂ."

ಅವಳೂ ಉಗುರು ಒತ್ತಿ ನೋಡಿದಳು. ನನ್ನ ಬೆನ್ನು ತಟ್ಟಿದಳು ಎಂದು ನೆನಪು. ತಟ್ಟಿದ್ದಳೋ, ಅಥವಾ ನನ್ನ ತಪ್ಪನ್ನು ಇನ್ನಷ್ಟು ಭಾರ ಮಾಡಲು ಆ ಕೈಯನ್ನು ಆಮೇಲೆ ನಾನೇ ಅಲ್ಲಿಟ್ಟೆನೋ ಗೊತ್ತಿಲ್ಲ.

ಎಷ್ಟು ದಿನ ಕಳೆಯಿತೋ, ಸಾವುಕಾರ್ರು ಬಂದರು. ನಾವು ಊಟಕ್ಕೆ ಕೂತಿದ್ದೆವು. ಅವರ ಹಿಂದೆ ಹಮಾಲನೊಬ್ಬ ಗೋಣಿಚೀಲ ಹೊತ್ತು ತಂದ. ಸಾವುಕಾರ್ರು ಒಂದು ಪ್ಯಾಡು ತೆಗೆದು, ಪಡಸಾಲೆಯ ಕಟ್ಟೆಯ ಮೇಲಿಟ್ಟು, ಜೇಬಿನ ಚಾಕುವಿನಿಂದ ಸೀಳಿ ಅಪ್ಪನ ಮುಂದೆ ತೆರೆದರು. ಹೊರಗೆ ಬೆರಳು ದಪ್ಪದಷ್ಟು ಗಟ್ಟಿ ರಬ್ಬರು. ಒಳಗೆ ತೂತು ತೂತು, ಅಂಟು ಅಂಟು. ಚಾಕುವಿಗೆ ಎಳೆ ಹತ್ತಿಕೊಂಡು ಬಂತು.

"ಇದೇನ್ರಿ ಇದು? ಪ್ಯಾಡೋ, ಹಲ್ವಾನೋ? ಮಷಿನ್ ಚಾಲೂ ಮಾಡಿದ ಮೂರ ದಿನಕ್ಕ ಪಿಚಕ್ ಅಂತ ಹೊರಗ ಬಂತು."

ಅಪ್ಪ ಎದ್ದು ಕೈ ತೊಳೆದುಕೊಂಡ. ಪ್ಯಾಡನ್ನು ಬಹಳ ಹೊತ್ತು ನೋಡಿದ.

"ಪ್ರೆಸ್ಸಿನ ಮುಂದ ಯಾರ ಇರ್ತಾರ?" ಎಂದು ಸಾವುಕಾರ್ರು ಕೇಳಿದರು. ಅಪ್ಪ ಅಕ್ಕನ ಕಡೆ ನೋಡಿದ. ಅವಳು ಶೆಡ್ಡಿನಿಂದ ಬಂದವಳೇ ಬಡಿಸುವ ಸೌಟು ಹಿಡಿದು ನಿಂತಿದ್ದಳು, ಕೈಗೆ ಬಳೆ ಇರಲಿಲ್ಲ.

"ಮನಿ ಹೆಣ್ಣಮಗಳ ಕೈಯಾಗ ಕೊಟ್ಟೀರೇನು? ಹಂಗಾದ್ರ ಆತ ಬಿಡ್ರಿ. ನಾ ಮಷಿನ್ನಿಂದ ತಪ್ಪು ಅಂದ್ಕೊಂಡಿದ್ದೆ."

"ನೀಲವ್ವ, ಹೊತ್ತು ಬರೋಬ್ಬರಿ ಇಟ್ಟಿದ್ದಿಯೇನು?"

"ಇಟ್ಟಿದ್ದೆ ಅಪ್ಪಾ. ನೀ ಹೇಳಿದಷ್ಟೂ ಇಟ್ಟಿದ್ದೆ."

ಅಪ್ಪ ಶೆಡ್ಡಿನ ಬಾಗಿಲಿಗೆ ಹೋಗಿ, ಮೊಳೆಗೆ ಸಿಗಿಸಿದ್ದ ಬಳೆ ತಂದು ಅಕ್ಕನ ಮುಂದೆ ಹಿಡಿದ.

"ಹಾಕ್ಕೋ."

ಅಷ್ಟೇ ಮಾತು. ಅವಳು ಸೌಟು ಕೆಳಗಿಟ್ಟು, ಸಾವುಕಾರ್ರ ಎದುರಿಗೇ, ಒಂದೊಂದಾಗಿ ಹಾಕಿಕೊಂಡಳು. ನನ್ನ ತಾಟಿನಲ್ಲಿ ಅರ್ಧ ರೊಟ್ಟಿ ಇತ್ತು. ನಾನು ಅದನ್ನು ತಿಂದು ಮುಗಿಸಿದೆ. ಬಾಯಲ್ಲಿ ತುತ್ತು ಇದ್ದದ್ದರಿಂದ ಮಾತಾಡಲಾಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಒಂದು ತುತ್ತು ಎಷ್ಟು ಹೊತ್ತು ಬಾಯಲ್ಲಿರುತ್ತದೆ?

ಮರುವಾರ ಅಪ್ಪ ತಾನೇ ನಿಂತು ಹೊಸ ಪ್ಯಾಡು ಮಾಡಿ ಕಳಿಸಿದ. ಅವು ಕೆಡಲಿಲ್ಲ. ಅದರಿಂದ ಎಲ್ಲರಿಗೂ ಖಾತ್ರಿಯಾಯಿತು, ತಪ್ಪು ನೀಲಾಳದ್ದೇ. ಅವಳನ್ನು ಹೊಲಿಗೆ ಕ್ಲಾಸಿಗೆ ಹಾಕಿದರು. ಎರಡು ವರ್ಷಕ್ಕೆ ಮದುವೆಯಾಯಿತು. ಆ ಮಾತು ಮಾತ್ರ ಅವಳ ಹಿಂದೆಯೇ ಹೋಯಿತು. ಯಾರ ಮನೆಯ ಮದುವೆಯಲ್ಲಾದರೂ ಹೋಳಿಗೆ ಸರಿಯಾಗಿ ಬೇಯದಿದ್ದರೆ ಚಿಗವ್ವ ಎಲೆಯ ಮುಂದಿನಿಂದಲೇ ಕೂಗುತ್ತಿದ್ದಳು, "ಇದನ್ನ ನಮ್ಮ ನೀಲವ್ವ ಮಾಡ್ಯಾಳೇನ? ಮ್ಯಾಲ ಛಲೋ ಐತಿ, ಒಳಗ ಹಸಿ." ಎಲ್ಲರೂ ನಗುತ್ತಿದ್ದರು. ಅಕ್ಕನ ಗಂಡ, ನಮ್ಮ ಮಾಮಾ, ಸರ್ಕಾರಿ ನೌಕರಿಯ ಸಂಭಾವಿತ ಮನುಷ್ಯ, ಅವರೂ ಕಲಿತುಬಿಟ್ಟರು. ಅಕ್ಕನೂ ನಗುತ್ತಿದ್ದಳು. ನಾನು ನಕ್ಕದ್ದೂ ಉಂಟು.

ಹೋದ ವರ್ಷ ಅಪ್ಪನ ಹಳೆಯ ಸಾಮಾನು ತೆಗೆಯುವಾಗ ಆ ಪ್ಯಾಡಿನ ಅಚ್ಚು ಸಿಕ್ಕಿತು. ಎರಡು ಇಂಚು ಆಳ. ಅದನ್ನು ಕೈಯಲ್ಲಿ ಹಿಡಿದಾಗ ಮೇಷ್ಟ್ರ ಬುದ್ಧಿ ಮೊದಲ ಸಲ ಎಚ್ಚರಾಯಿತು. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ. ರಬ್ಬರು ಕಾವನ್ನು ಬಹಳ ನಿಧಾನವಾಗಿ ಒಳಗೆ ಬಿಡುವ ವಸ್ತು. ಹೊರಗಿನ ಪದರ ಕಾದು, ಅದು ತನ್ನ ಒಳಗಿನದಕ್ಕೆ ಕೊಟ್ಟು, ಅದು ಇನ್ನೂ ಒಳಗಿನದಕ್ಕೆ ಕೊಡಬೇಕು. ದಪ್ಪ ಎರಡು ಪಟ್ಟಾದರೆ ನಡುವಿಗೆ ಕಾವು ಮುಟ್ಟುವ ಹೊತ್ತು ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ದಪ್ಪ ನಾಲ್ಕು ಪಟ್ಟಾದರೆ ಹದಿನಾರು. ಅಪ್ಪನ ಲೆಕ್ಕದ ಮೂವತ್ತೆರಡು ರೊಟ್ಟಿಯ ಜಾಗದಲ್ಲಿ ನೂರಕ್ಕೂ ಮೇಲೆ ರೊಟ್ಟಿ ಬೇಕಿತ್ತು. ಇದನ್ನು ಎರಡನೇ ವರ್ಷದ ಹುಡುಗರಿಗೆ ನಾನೇ ಕರಿಹಲಗೆಯ ಮೇಲೆ ಬಿಡಿಸಿ ತೋರಿಸುತ್ತಿದ್ದೆ. ನಮ್ಮ ಮನೆಯ ಪ್ಯಾಡಿಗೆ ಅದನ್ನು ಹಚ್ಚಿ ನೋಡಿರಲಿಲ್ಲ. ನೋಡಲು ಹೆದರಿದ್ದೆ ಎಂದರೆ ಸರಿಯೇನೋ.

ಸೂತ್ರವನ್ನೂ ನಂಬದೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪ್ರಯೋಗಾಲಯಕ್ಕೆ ಆ ಅಚ್ಚನ್ನು ಹೊತ್ತುಕೊಂಡು ಹೋದೆ. ಹಸಿ ರಬ್ಬರಿನ ಸರಿಯಾಗಿ ನಡುವೆ ಕಾವು ಅಳೆಯುವ ಸಣ್ಣ ತಂತಿ ಇಟ್ಟು ಪ್ರೆಸ್ಸಿಗೆ ಹಾಕಿದೆವು. ಹಲಗೆಯ ಕಾವು ನೂರೈವತ್ತು ಡಿಗ್ರಿ. ಮೊದಲ ಕೆಲವು ನಿಮಿಷ ನಡುವಿನ ತಂತಿ ಅಲುಗಲೇ ಇಲ್ಲ, ಹೊರಗೆ ಏನು ನಡೆದಿದೆ ಎಂಬ ಸುದ್ದಿಯೇ ಅದಕ್ಕೆ ಇರಲಿಲ್ಲ. ಮೂವತ್ತೆರಡು ರೊಟ್ಟಿಯ ಹೊತ್ತು, ಅಂದರೆ ಸುಮಾರು ನಲವತ್ತು ನಿಮಿಷ ಕಳೆದಾಗ ಅಲ್ಲಿನ ಕಾವು ತೊಂಬತ್ತರ ಆಸುಪಾಸು. ರಬ್ಬರು ಬೇಯಲು ಅದು ಸಾಲುವುದಿಲ್ಲ. ತೆಗೆದು ಸೀಳಿದೆವು. ಚಾಕುವಿಗೆ ಎಳೆ ಹತ್ತಿಕೊಂಡು ಬಂತು. ಆ ಹುಡುಗ "ಸರ್, ಕೆಟ್ಟೋತಲ್ರಿ," ಎಂದು ಪೇಚಾಡಿದ. ನನಗೆ ಕುಣಿಯಬೇಕು ಅನ್ನಿಸಿತು. ನಾನು ಬೇಗ ತೆಗೆದಿದ್ದರೂ, ತೆಗೆಯದಿದ್ದರೂ, ಆ ಪ್ಯಾಡು ಹಸಿಯೇ ಇರುತ್ತಿತ್ತು.

ಆದರೆ ಒಂದು ತೊಡಕು. ನಾನು ತೆಗೆದದ್ದು ಒಂದೇ ಪಾಳಿ, ನಾಲ್ಕು ಪ್ಯಾಡು. ವಾಪಸು ಬಂದದ್ದು ನಾಲ್ಕೇ ಆಗಿದ್ದರೆ ತಪ್ಪು ನನ್ನದೇ, ಪ್ರಯೋಗ ಏನೇ ಹೇಳಲಿ. ಇಪ್ಪತ್ನಾಲ್ಕೂ ಬಂದಿದ್ದರೆ ತಪ್ಪು ಲೆಕ್ಕದ್ದು. ಗೋಣಿಚೀಲ ನನಗೆ ಕಾಣುತ್ತದೆ, ಅದು ತುಂಬಿತ್ತೋ ಅರೆಯಾಗಿತ್ತೋ ಕಾಣುವುದಿಲ್ಲ. ಅದನ್ನು ಬಲ್ಲವಳು ಈಗ ಒಬ್ಬಳೇ. ತಂತಿ ಅಳೆದ ಕಾವನ್ನು ಗೆರೆಯಾಗಿ ಬರೆದಿದ್ದ ನಕ್ಷೆಯ ಕಾಗದ ಮಡಚಿಕೊಂಡು ಬೈರಿದೇವರಕೊಪ್ಪಕ್ಕೆ ಬಸ್ಸು ಹತ್ತಿದೆ.

ಅಕ್ಕ ಅಡುಗೆಮನೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಹೊರಗಿನ ಕೋಣೆಯಲ್ಲಿ ಮಾಮಾ ದೊಡ್ಡ ದನಿಯಲ್ಲಿ ಟೀವಿ ಹಚ್ಚಿಕೊಂಡು ಕ್ರಿಕೆಟ್ ನೋಡುತ್ತಿದ್ದರು.

"ಅಕ್ಕಾ, ಆ ಗಿರಣಿ ಪ್ಯಾಡ್ ಎಷ್ಟ ವಾಪಸ್ ಬಂದಿದ್ದು?"

"ಅಷ್ಟೂ ಬಂದಿದ್ದು. ಹಮಾಲಗ ಚೀಲ ಎತ್ತಾಕ ಆಗವಲ್ದಾಗಿತ್ತು. ಯಾಕ?"

"ಹಂಗಾದ್ರ ಅದು ನಿನ್ನ ತಪ್ಪಲ್ಲ."

"ಗೊತ್ತೈತಿ."

"ಅಪ್ಪನ ಲೆಕ್ಕಾ ತಪ್ಪಿತ್ತು."

"ಅದೂ ಗೊತ್ತೈತಿ. ಇಷ್ಟ ಹೇಳಾಕ ಧಾರವಾಡದಿಂದ ಬಂದಿಯೇನ?"

ನಾನು ನಕ್ಷೆ ತೆರೆದು ನೆಲದ ಮೇಲೆ ಹಾಸಿದೆ. ಅವಳು ಕನ್ನಡಕ ಏರಿಸಿಕೊಂಡು, ಸೊಪ್ಪಿನ ಒದ್ದೆ ಬೆರಳನ್ನು ಗೆರೆಯ ಮೇಲೆ ಓಡಿಸಿದಳು.

"ಇಲ್ಲಿ ಯಾಕ ಹಿಂಗ ಮಲಗೇತಿ ಗೆರಿ?"

"ಅಷ್ಟೊತ್ತಿನ ತನಕಾ ಒಳಗ ಕಾವು ಮುಟ್ಟಿರೂದಿಲ್ಲ."

"ಹೌದಲ್ಲ. ನಾನೂ ಅಪ್ಪಗ ಅದನ್ನ ಅಂದಿದ್ದೆ. ಅಂವ ಗ್ವಾಡಿ ಮ್ಯಾಲ ಬರಿಯಾಕತ್ತಾಗ. ಅಪ್ಪಾ, ದಪ್ಪ ರೊಟ್ಟಿ ಎರಡ ಪಟ್ಟ ಹೊತ್ತ ಹಂಚಿನ ಮ್ಯಾಲ ಇಟ್ರೂ ನಡಕ ಹಿಟ್ಟ ಹಿಟ್ಟ ಇರತೈತಿ, ಇದೂ ಹಂಗ ಆದೀತು, ಅಂದೆ. ರೊಟ್ಟಿ ಬ್ಯಾರೆ ರಬ್ಬರ್ ಬ್ಯಾರೆ, ನಡಿ ಅಂದ."

"ರೊಟ್ಟಿಲೆ ಅಳದಾಂವ ತಾನ!"

"ಮತ್ತ!" ಅವಳು ನಕ್ಕಳು. "ಎರಡನೇ ಸಲ ಎಷ್ಟ ಹೊತ್ತು ಇಟ್ಟಿದ್ದ ಗೊತ್ತೈತೇನ ನಿನಗ? ಊಟಾ ಮಾಡಿ, ಮಲಗಿ ಎದ್ದು, ಚಾ ಕುಡದು ಆಮ್ಯಾಲ ತಗದ. ನಾ ಕಿಡಕಿಯಿಂದ ನೋಡ್ಕೋತ ನಿಂತಿದ್ದೆ. ಅಂವಗ ತಿಳಿದಿತ್ತು. ನನಗ ತಿಳೀತು ಅನ್ನೂದೂ ತಿಳಿದಿತ್ತು. ಆದ್ರ ಸಾವುಕಾರ್ರ ಮುಂದ ತಪ್ಪು ನಂದು ಅಂತ ಆಗಿ ಹೋಗಿತ್ತಲ್ಲ. ತಿರುಗಿ ಹೆಂಗ ಹೇಳ್ಯಾನು?"

ಹೀಗೆ ಎಲ್ಲವೂ ಕೂಡಿಬಂತು. ನನ್ನ ಎದೆ ಹಗುರಾಯಿತು, ಆ ಹಗುರದಲ್ಲಿ ಬಾಯಿ ಸಡಿಲಾಯಿತು.

"ನಾ ಇಷ್ಟ ವರ್ಷ ನನ್ನಿಂದ ಕೆಟ್ಟಿತು ಅಂದ್ಕೊಂಡಿದ್ದೆ, ಅಕ್ಕಾ. ಅವತ್ತ ನೀ ಒಳಗ ಹೋದಾಗ ನಾ ಹೊತ್ತಿಗಿಂತ ಮುಂಚೆ ತಗದಿದ್ದೆ. ನಿನಗ ಸುಳ್ಳ ಹೇಳಿದ್ದೆ. ಈಗ ನೋಡು, ಲೆಕ್ಕಾ ಹಾಕಿದ್ರ, ನಾ ತಗದಿದ್ದಕ್ಕ ಏನೂ ಫರಕ್ ಆಗಿಲ್ಲ."

ಅವಳ ಕೈ ಸೊಪ್ಪಿನ ಮೇಲೆ ನಿಂತಿತು. ಆಗ ನನಗೆ ತಿಳಿಯಿತು, ಇದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಎಲ್ಲವೂ ಗೊತ್ತಿತ್ತು, ಇದೊಂದನ್ನು ಬಿಟ್ಟು.

"ಮುಂಚೆ ತಗದಿದ್ದಿ?"

"ಹೂಂ."

"ಸಾವುಕಾರ್ರು ಬಂದಾಗ ನೀ ಅಲ್ಲೇ ಉಣ್ಣಾಕತ್ತಿದ್ದಿ."

"ಹೂಂ."

"ಅವತ್ತ ನೀ ಬಾಯಿ ತಗದು, ಅಪ್ಪಾ, ನಾ ಮುಂಚೆ ತಗದೇನಿ, ಅಂತ ಒಂದ ಮಾತ ಅಂದಿದ್ರ ಏನಾಗ್ತಿತ್ತು ಹೇಳು. ಅಪ್ಪ ನಿನಗ ಎರಡ ಬಡೀತಿದ್ದ. ಸಣ್ಣ ಹುಡುಗ, ಮಂಗ್ಯಾನಾಟ ಮಾಡ್ಯಾನ್ರಿ ಅಂತ ಸಾವುಕಾರ್ರಿಗೆ ಹೇಳ್ತಿದ್ದ. ಅವನ ಮರ್ಯಾದಿನೂ ಉಳೀತಿತ್ತು. ನಾ ಮರುದಿನ ಪ್ರೆಸ್ಸಿಗೆ ಹೋಗ್ತಿದ್ದೆ."

ನಾನು ನಕ್ಷೆಯ ಕಡೆ ನೋಡಿದೆ. ಅದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಪ್ಯಾಡು ಯಾಕೆ ಹಸಿಯಾಯಿತು ಎಂಬುದನ್ನು ತಿಳಿಯಲು ನಾನು ಒಂದು ವರ್ಷ ಓಡಾಡಿದ್ದೆ. ಅವಳು ಕೇಳುತ್ತಿದ್ದದ್ದು ಬೇರೆ. ಹಸಿ ಪ್ಯಾಡಿನ ಕಾರಣ ಅಪ್ಪನಾಗಿರಬಹುದು, ಅವಳನ್ನು ಹೊರಗೆ ಕಳಿಸಿದ್ದು ನನ್ನ 'ಹೂಂ' ಮತ್ತು ಆಮೇಲಿನ ನನ್ನ ಸುಮ್ಮನಿರುವಿಕೆ. ನಾನು ಇಷ್ಟು ವರ್ಷ ನಂಬಿದ್ದು ಸರಿಯಾಗಿಯೇ ಇತ್ತು, ಕಾರಣವನ್ನು ಮಾತ್ರ ತಪ್ಪು ಜಾಗದಲ್ಲಿ ಹುಡುಕಿದ್ದೆ.

"ಅಕ್ಕಾ..."

"ಸುಮ್ನಿರು."

ಅವಳು ಸೊಪ್ಪಿನ ಪುಟ್ಟಿ ಸರಿಸಿ, ಮೊಣಕಾಲಿಗೆ ಕೈ ಊರಿ ಎದ್ದಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ನನ್ನ ರಟ್ಟೆ ಹಿಡಿದು ಹೊರಗಿನ ಕೋಣೆಗೆ ಕರೆದೊಯ್ದಳು. ಹಿಡಿತ ಬಿಗಿಯಾಗಿತ್ತು. ಮಾಮಾ ಕುರ್ಚಿಯಿಂದಲೇ ತಿರುಗಿ ನೋಡಿದರು.

"ಏನ್ ಮೇಷ್ಟ್ರ, ಯಾವಾಗ ಬಂದ್ರಿ? ಊಟಾ ಮಾಡ್ಕೊಂಡ ಹೋಗ್ರಿ. ನಿಮ್ಮ ಅಕ್ಕ ಮಾಡ್ಯಾಳಂದ್ರ ಜರಾ ಒಳಗ ಹಸಿ ಇರತೈತಿ, ನಡೀತೈತಲ್ಲ?"

"ಟೀವಿ ಬಂದ್ ಮಾಡ್ರಿ," ಎಂದಳು ಅಕ್ಕ.

"ಯಾಕ? ಇನ್ನೆರಡ ಓವರ್ ಅದಾವ..."

"ಬಂದ್ ಮಾಡ್ರಿ. ನಮ್ಮ ತಮ್ಮ ಒಂದ ಮಾತ ಹೇಳಾಂವ ಅದಾನ." ಆಮೇಲೆ ನನ್ನ ಕಡೆ ತಿರುಗಿದಳು. "ಹೇಳು. ಅವತ್ತ ಅಪ್ಪನ ಮುಂದ ಹೇಳಬೇಕಾಗಿದ್ದು, ಈಗ ಇವರ ಮುಂದ ಹೇಳು. ಲೆಕ್ಕಾ ಬ್ಯಾಡ. ಬರೇ ನೀ ಮಾಡಿದ್ದು ಹೇಳು."

ಟೀವಿ ಆರಿತು. ಮಾಮಾ ರಿಮೋಟು ಹಿಡಿದುಕೊಂಡೇ ನನ್ನ ಮುಖ, ಅಕ್ಕನ ಮುಖ ನೋಡಿದರು. ಕೂತುಕೋ ಎಂದು ಯಾರೂ ಹೇಳಲಿಲ್ಲ. ನಾನು ನಿಂತುಕೊಂಡೇ ಹೇಳಿದೆ.

"ಮಾಮಾ, ಆ ಪಾಳಿ ಹೊತ್ತಿಗಿಂತ ಮುಂಚೆ ತಗದಾಂವ ನಾನು. ತಗದು ಅಕ್ಕಗ ಸುಳ್ಳ ಹೇಳಿದೆ. ಅಪ್ಪ ಅಕೀನ್ನ ಕೇಳಿದಾಗ ಅಲ್ಲೇ ಕುಂತಿದ್ದೆ, ಬಾಯಿ ಬಿಡಲಿಲ್ಲ."

"ಯಾವ ಪಾಳಿ?" ಎಂದರು ಮಾಮಾ.

ಅಕ್ಕ ನನ್ನ ರಟ್ಟೆ ಬಿಡಲಿಲ್ಲ. ನಾನು ಮೊದಲಿನಿಂದ ಶುರು ಮಾಡಿದೆ.